ಬಿತ್ತುವ ಮುಂಚೆ ಬೀಜದ ಊರು ಕೇಳಿ

ಎಲ್ಲರಿಗೂ ನಮಸ್ಕಾರ. ಪೈನ್, ಸ್ಪ್ರೂಸ್, ಫರ್, ಸೈಪ್ರೆಸ್, ದೇವದಾರು, ಅರೌಕೇರಿಯಾ, ಹೀಗೆ ಅಂದಕ್ಕಾಗಿ ಬೆಳೆಸುವ ಕೋನಿಫರ್ ಮರಗಳನ್ನು ಬೀಜದಿಂದಲೇ ಎಬ್ಬಿಸುವ ಬಗ್ಗೆ ಮಾತಾಡಿ ಅಂತ ಕರೆದಿದ್ದರು. ಆವತ್ತು ಆಡಿದ ಮಾತನ್ನೇ ಇಲ್ಲಿ ಬರೆದಿದ್ದೇನೆ. ಹೊತ್ತಾಯಿತು ಅಂತ ಬಿಟ್ಟಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ. ಸಭೆಯಲ್ಲಿ ಕೇಳಿದ ಪ್ರಶ್ನೆಗಳು ಎಲ್ಲಿ ಬಂದವೋ ಅಲ್ಲೇ ಇವೆ.

ಮೊದಲು ಒಂದು ಟ್ರೇ ಮಣ್ಣಿನ ಕತೆ ಹೇಳುತ್ತೇನೆ. ತುಂಬಾ ವರ್ಷಗಳ ಹಿಂದೆ ನನಗೆ ಬಿಳಿ ಪೈನ್ ಬೀಜ ಸಿಕ್ಕಿತ್ತು. ಉತ್ತರ ಅಮೆರಿಕದ ಪೂರ್ವ ಭಾಗದ ಮರ ಅದು, ಐದೈದು ಸೂಜಿ ಎಲೆಗಳ ಗೊಂಚಲು, ಮುಟ್ಟಿದರೆ ಕೂದಲಿನಷ್ಟು ಮೃದು. ಟೊಮೆಟೊ ಬೀಜ ಬಿತ್ತುವ ಹಾಗೆಯೇ ಟ್ರೇಯಲ್ಲಿ ಬಿತ್ತಿದೆ. ಎರಡು ತಿಂಗಳು ದಿನಾ ನೀರು ಚಿಮುಕಿಸಿದೆ. ಒಂದೂ ಏಳಲಿಲ್ಲ. ಬೀಜ ಕೆಟ್ಟಿದೆ ಅಂದುಕೊಂಡು ಆ ಮಣ್ಣನ್ನೆಲ್ಲ ಹಿತ್ತಲ ಮೂಲೆಗೆ ಸುರಿದು ಮರೆತುಬಿಟ್ಟೆ. ಆ ವರ್ಷ ಚಳಿ ಚೆನ್ನಾಗಿ ಬಿತ್ತು. ಚಳಿ ಕಳೆದು ಬಿಸಿಲು ಏರುವ ಹೊತ್ತಿಗೆ ಮೂಲೆಯಲ್ಲಿ ಏನೋ ಹಸಿರು ಕಂಡಿತು, ಬಗ್ಗಿ ನೋಡಿದರೆ ಹನ್ನೊಂದು ಪುಟ್ಟ ಪೈನ್ ಸಸಿಗಳು, ಒಂದೊಂದರ ತಲೆ ಮೇಲೂ ಬೀಜದ ಸಿಪ್ಪೆ ಟೋಪಿಯ ಹಾಗೆ ಕೂತಿತ್ತು. ಎಷ್ಟೋ ಹೊತ್ತು ಅಲ್ಲೇ ಕೂತಿದ್ದೆ.

ಬೀಜ ಕೆಟ್ಟಿರಲಿಲ್ಲ, ಕಾಯುತ್ತಿತ್ತು. ಇದಿಷ್ಟು ಅರ್ಥವಾದರೆ ನಾನು ಮುಂದೆ ಹೇಳುವುದರಲ್ಲಿ ಮುಕ್ಕಾಲು ಭಾಗ ಅರ್ಥವಾದ ಹಾಗೆ. ಆ ಮರದ ಊರಿನಲ್ಲಿ ಬೀಜ ಉದುರುವುದು ಚಳಿಗಾಲಕ್ಕೆ ಸ್ವಲ್ಪ ಮುಂಚೆ. ಉದುರಿದ ಕೂಡಲೇ ಮೊಳೆತರೆ ಎಳೆ ಸಸಿ ಹಿಮಕ್ಕೆ ಸಿಕ್ಕಿ ಸಾಯುತ್ತದೆ. ಅದಕ್ಕೇ ಬೀಜ ಒಳಗಿನಿಂದ ಬಾಗಿಲು ಹಾಕಿಕೊಂಡಿರುತ್ತದೆ. ಒದ್ದೆ ಮಣ್ಣಲ್ಲಿ ವಾರಗಟ್ಟಲೆ ಚಳಿ ಉಂಡ ಮೇಲೆ, ಚಳಿಗಾಲ ಮುಗಿಯಿತು ಅಂತ ಖಾತ್ರಿಯಾದ ಮೇಲೆ ಮಾತ್ರ ಚಿಲಕ ತೆಗೆಯುತ್ತದೆ. ಹಾಗಾಗಿ ಬೀಜ ಕೈಗೆ ಬಂದಾಗ ನಾನು ಮಣ್ಣಿನ ಯೋಚನೆ, ಕುಂಡದ ಯೋಚನೆ ಮಾಡುವುದಿಲ್ಲ. ಮೊದಲು ಅದರ ಊರು ಯಾವುದು ಅಂತ ಹುಡುಕುತ್ತೇನೆ. ಅಲ್ಲಿ ಚಳಿ ಎಷ್ಟು, ಎಷ್ಟು ತಿಂಗಳು, ಬೀಜ ಯಾವಾಗ ಉದುರುತ್ತದೆ, ಅಲ್ಲಿ ಬೆಂಕಿ ಬೀಳುತ್ತದಾ, ಬರೀ ಮಳೆಯಾ. ಉಳಿದಿದ್ದೆಲ್ಲ ಅದರಿಂದಲೇ ತಿಳಿಯುತ್ತದೆ.

ಚಳಿಗಾಲವನ್ನು ಫ್ರಿಜ್ಜಿನಲ್ಲಿ ಕೊಡಬಹುದು. ಬೀಜವನ್ನು ಒಂದು ದಿನ, ಅಂದರೆ ಸುಮಾರು 24 ಗಂಟೆ, ನೀರಲ್ಲಿ ನೆನೆಸಿ. ಆಮೇಲೆ ಬಸಿದು, ಒದ್ದೆ ಮರಳಿನಲ್ಲೋ ವರ್ಮಿಕ್ಯುಲೈಟ್ ಅನ್ನುವ ಹಗುರ ಖನಿಜದ ಚೂರಿನಲ್ಲೋ ಕಲಸಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಒದ್ದೆ ಅಂದರೆ ಹದವಾದ ಒದ್ದೆ. ಮುಷ್ಟಿಯಲ್ಲಿ ಹಿಂಡಿದರೆ ಒಂದು ಹನಿ ಬರಬೇಕು, ಧಾರೆ ಇಳಿಯಬಾರದು. ಚೀಲದಲ್ಲಿ ಸ್ವಲ್ಪ ಗಾಳಿ ಇರಲಿ, ಬೀಜ ಉಸಿರಾಡುತ್ತದೆ. ಮೇಲೆ ಹೆಸರು, ತಾರೀಖು ಬರೆಯಿರಿ, ನೆನಪಿರುತ್ತದೆ ಅಂತ ಬಿಡಬೇಡಿ. ಫ್ರಿಜ್ಜಿನೊಳಗೆ 1ರಿಂದ 5 ಡಿಗ್ರಿ ಸೆಲ್ಸಿಯಸ್ ಇರುವ ಕಡೆ ಇಡಿ. ಫ್ರೀಜರಿನಲ್ಲಿ ಇಡಬೇಡಿ. ಮಂಜುಗಟ್ಟಿದರೆ ಬೀಜದ ಒಳಗೆ ಕೆಲಸ ನಿಂತುಹೋಗುತ್ತದೆ, ನೆನೆದ ಬೀಜವಾದರೆ ಸತ್ತರೂ ಸತ್ತಿತು. ಒಣ ಬೀಜವನ್ನು ಪೊಟ್ಟಣದಲ್ಲೇ ಫ್ರಿಜ್ಜಿನಲ್ಲಿಟ್ಟು ಮೂರು ತಿಂಗಳಾಯಿತು, ಚಳಿ ಕೊಟ್ಟಾಯಿತು ಅನ್ನುವವರು ಪ್ರತಿ ಸಲ ಸಿಗುತ್ತಾರೆ. ಒಣಗಿದ್ದಾಗ ಬೀಜಕ್ಕೆ ಚಳಿಯ ಲೆಕ್ಕ ಸಿಗುವುದಿಲ್ಲ. ನೀರು ಕುಡಿದಿದ್ದರೆ ಮಾತ್ರ ಅದು ದಿನ ಎಣಿಸುತ್ತದೆ.

ವಾರಕ್ಕೊಮ್ಮೆ ಚೀಲ ತೆಗೆದು ನೋಡಿ, ಮೂಸಿ ನೋಡಿ. ಕಾಡಿನ ಮಣ್ಣಿನ ವಾಸನೆ ಬಂದರೆ ಸರಿ. ಹುಳಿ ವಾಸನೆ ಬಂದರೆ ನೀರು ಜಾಸ್ತಿಯಾಗಿದೆ. ಬೂಷ್ಟು ಕಂಡರೆ ಬೀಜ ತೊಳೆದು ಹೊಸ ಮರಳಿಗೆ ಹಾಕಿ. ಬೂಷ್ಟು ಸಾಮಾನ್ಯವಾಗಿ ಜೊಳ್ಳು ಬೀಜದ ಮೇಲೆ ಮೊದಲು ಹತ್ತುತ್ತದೆ, ಅದನ್ನು ಆರಿಸಿ ತೆಗೆದರೆ ಉಳಿದವು ಚೆನ್ನಾಗಿರುತ್ತವೆ. ಫ್ರಿಜ್ಜಿನಲ್ಲೇ ಒಂದೆರಡು ಬೀಜ ಬಾಯಿ ಬಿಟ್ಟು ಬಿಳಿ ಬೇರು ಕಾಣಿಸಿದರೆ ಕಾಯಬೇಡಿ, ಎಲ್ಲವನ್ನೂ ಹೊರತೆಗೆದು ಬಿತ್ತಿಬಿಡಿ.

ಎಷ್ಟು ದಿನ ಅನ್ನುವುದು ಮತ್ತೆ ಊರಿನ ಮೇಲೆಯೇ. ದೇವದಾರು ಬೀಜ ಚಳಿ ಇಲ್ಲದೆಯೂ ಮೊಳೆಯುತ್ತದೆ, ಆದರೆ ಎರಡು ಮೂರು ವಾರ ಕೊಟ್ಟರೆ ಎಲ್ಲ ಒಟ್ಟಿಗೆ ಏಳುತ್ತವೆ. ಸ್ಪ್ರೂಸ್ ಮತ್ತು ಲಾರ್ಚಿಗೆ ಮೂರು ವಾರದ ಆಸುಪಾಸು ಸಾಕು. ಫರ್‌ಗೆ ನಾಲ್ಕರಿಂದ ಆರು ವಾರ. ಜಪಾನಿನ ಕಪ್ಪು ಪೈನಿಗೆ ಒಂದರಿಂದ ಎರಡು ತಿಂಗಳು, ನನ್ನ ಆ ಬಿಳಿ ಪೈನಿಗೆ ಎರಡು ತಿಂಗಳು ಬೇಕಾಗಿತ್ತು, ಅದರ ಕೆಲವು ನೆಂಟರಿಗೆ ಮೂರು ತಿಂಗಳು. ಡಾನ್ ರೆಡ್‌ವುಡ್ ಮತ್ತು ಪೂರ್ವದೇಶದ ಥೂಜಾ, ಅಂದರೆ ಪ್ಲಾಟಿಕ್ಲಾಡಸ್, ಇವಕ್ಕೆ ಏನೂ ಬೇಡ, ಬಿತ್ತಿದರೆ ಸಾಕು. ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಕೊಡುವುದು ಪ್ಲಾಟಿಕ್ಲಾಡಸ್ ಬೀಜವನ್ನೇ. ರೆಕ್ಕೆ ಇಲ್ಲದ ದಪ್ಪ ಬೀಜ, ಹಿಡಿಯಲು ಸುಲಭ, ಕೆಲವೇ ವಾರದಲ್ಲಿ ಏಳುತ್ತದೆ, ಮನಸ್ಸಿಗೆ ಧೈರ್ಯ ಬರುತ್ತದೆ.

ಜೂನಿಪರ್ ಮತ್ತು ಯೂ ಮರದ ವಿಷಯ ಬೇರೆ. ಅವುಗಳ ಬೀಜ ಹಣ್ಣಿನಂಥ ತಿರುಳಿನೊಳಗೆ ಇರುತ್ತದೆ, ಹಕ್ಕಿ ತಿಂದು ಬೀಳಿಸುತ್ತದೆ. ಇವಕ್ಕೆ ಮೊದಲು ಬೆಚ್ಚಗಿನ ಒದ್ದೆ ಕೆಲವು ತಿಂಗಳು, ಆಮೇಲೆ ಚಳಿ ಕೆಲವು ತಿಂಗಳು ಬೇಕು. ಅಷ್ಟಾದರೂ ಎರಡನೇ ವಸಂತದವರೆಗೆ ಏಳದೇ ಇರಬಹುದು. ಕುಂಡ ಎಸೆಯಬೇಡಿ. ಇನ್ನೊಂದು ಮಾತು, ಯೂ ಹಣ್ಣಿನ ಕೆಂಪು ತಿರುಳೊಂದು ಬಿಟ್ಟರೆ ಬೀಜ, ಎಲೆ, ತೊಗಟೆ ಎಲ್ಲವೂ ವಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಆ ಬೀಜವನ್ನು ಮೇಜಿನ ಮೇಲೆ ಬಿಡಬೇಡಿ.

ಬೆಂಕಿಯ ಊರಿನಿಂದ ಬಂದ ಮರಗಳೂ ಇವೆ. ಉತ್ತರ ಅಮೆರಿಕದ ಲಾಡ್ಜ್‌ಪೋಲ್ ಪೈನ್, ಜ್ಯಾಕ್ ಪೈನ್ ಇವುಗಳ ಎಷ್ಟೋ ಕೋನ್‌ಗಳು, ಅಂದರೆ ಪದರ ಪದರವಾಗಿ ಬೀಜ ಹೊತ್ತ ಗಟ್ಟಿ ಕಾಯಿಗಳು, ಬಲಿತ ಮೇಲೂ ಬಾಯಿ ಬಿಡುವುದಿಲ್ಲ, ಪದರಗಳನ್ನು ರಾಳ ಅಂಟಿಸಿಟ್ಟಿರುತ್ತದೆ. ಕಾಡಿಗೆ ಬೆಂಕಿ ಬಿದ್ದಾಗ ರಾಳ ಕರಗಿ ಕೋನ್ ತೆರೆಯುತ್ತದೆ, ಬೂದಿಯ ಮೇಲೆ ಬೀಜ ಬೀಳುತ್ತದೆ. ಮನೆಯಲ್ಲಿ ಅಂಥ ಕೋನ್ ಸಿಕ್ಕಿದರೆ ಬಿಸಿ ನೀರಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ ಬೆಚ್ಚಗಿನ ಜಾಗದಲ್ಲಿ ಒಣಗಿಸಿದರೆ ಪದರ ಬಿಚ್ಚಿಕೊಳ್ಳುತ್ತದೆ. ಜೈಂಟ್ ಸಿಕ್ವೋಯಾ ಕೂಡ ಬೆಂಕಿಯನ್ನು ನೆಚ್ಚಿಕೊಂಡ ಮರ. ಅದರ ಕೋನ್ 20 ವರ್ಷದವರೆಗೂ ಹಸಿರಾಗಿ ಮರದಲ್ಲೇ ಇರಬಲ್ಲದು. ಬೀಜವಂತೂ ಎಷ್ಟು ಸಣ್ಣದೆಂದರೆ ಒಂದು ಕಿಲೋ ತೂಗಲು ಸುಮಾರು ಎರಡು ಲಕ್ಷ ಬೀಜ ಬೇಕು. ಅಂಗೈಯಲ್ಲಿ ಇಟ್ಟುಕೊಂಡು ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಅದೇ ಬೀಜದಿಂದ ಬಂದದ್ದು ಕ್ಯಾಲಿಫೋರ್ನಿಯಾದ ಜನರಲ್ ಶೆರ್ಮನ್ ಮರ, 80 ಮೀಟರಿಗೂ ಮಿಕ್ಕಿದ ಎತ್ತರ, ಕಾಂಡದ ಗಾತ್ರದಲ್ಲಿ ಬದುಕಿರುವ ಒಂಟಿ ಮರಗಳಲ್ಲೆಲ್ಲ ದೊಡ್ಡದು. ಎಷ್ಟು ಸಲ ಬಿತ್ತಿದ್ದರೂ ಆ ಬೀಜ ಕೈಯಲ್ಲಿ ಹಿಡಿದಾಗ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನು ಚಳಿಯೇ ಕಾಣದ ಊರಿನವು. ನಾವು ಮನೆಯೊಳಗೆ ಕುಂಡದಲ್ಲಿಟ್ಟು ಕ್ರಿಸ್‌ಮಸ್ ಮರ ಅನ್ನುತ್ತೇವಲ್ಲ, ಆ ಅರೌಕೇರಿಯಾ ಶಾಂತ ಸಾಗರದ ನಾರ್ಫೋಕ್ ದ್ವೀಪದ್ದು. ಅಲ್ಲಿ ಹಿಮ ಬೀಳುವುದಿಲ್ಲ. ಹಾಗಾಗಿ ಬೀಜಕ್ಕೆ ಕಾಯುವ ಅಭ್ಯಾಸವೇ ಇಲ್ಲ. ಬಿದ್ದ ತಕ್ಷಣ ಮೊಳೆಯಬೇಕು, ಇಲ್ಲದಿದ್ದರೆ ಒಣಗಿ ಸಾಯುತ್ತದೆ. ಪೈನ್ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ವರ್ಷಗಟ್ಟಲೆ ಇರುತ್ತದೆ, ಅರೌಕೇರಿಯಾ ಬೀಜವನ್ನು ಹಾಗೆ ಇಟ್ಟರೆ ಮುಗಿದೇ ಹೋಯಿತು. ಹಳೇ ದಾಸ್ತಾನಿನ ಅರೌಕೇರಿಯಾ ಬೀಜ ಕೊಂಡು ಬೇಜಾರಾದವರು ಸಭೆಯಲ್ಲೂ ಇದ್ದರು. ತಾಜಾ ಬೀಜ ಸಿಕ್ಕಿದರೆ ಚೂಪು ತುದಿ ಕೆಳಗೆ ಮಾಡಿ ಮಣ್ಣಿಗೆ ಮೆಲ್ಲಗೆ ಒತ್ತಿ, ಬೆಚ್ಚಗಿಡಿ, ಅಷ್ಟೇ.

ಇಲ್ಲಿ ಒಬ್ಬರು ಕೇಳಿದರು, ಇಷ್ಟು ಕಷ್ಟ ಯಾಕೆ, ಅರೌಕೇರಿಯಾ ಕೊಂಬೆ ಕತ್ತರಿಸಿ ನೆಟ್ಟರೆ ಬರುವುದಿಲ್ಲವಾ ಅಂತ. ಬರುತ್ತದೆ, ಆದರೆ ಮರ ಆಗುವುದಿಲ್ಲ. ಪಕ್ಕದ ಕೊಂಬೆಗೆ ತಾನು ಕೊಂಬೆ ಅನ್ನುವುದು ಮರೆಯುವುದೇ ಇಲ್ಲ. ಬೇರು ಬಿಟ್ಟ ಮೇಲೂ ಅಡ್ಡಕ್ಕೇ ಬೆಳೆಯುತ್ತಾ ಹೋಗುತ್ತದೆ. ನೆಟ್ಟಗೆ ಏರುವ ಮರ ಬೇಕಿದ್ದರೆ ತುದಿಯ ಒಂದೇ ಒಂದು ಚಿಗುರನ್ನು ಕತ್ತರಿಸಬೇಕು, ಅಂದರೆ ಒಳ್ಳೆಯ ಮರ ಒಂದನ್ನು ಹಾಳು ಮಾಡಬೇಕು. ಬೀಜವೇ ಸರಿಯಾದ ದಾರಿ. ಇದೇ ಕುಲದ ಕುಕ್ ಪೈನ್ ನ್ಯೂ ಕ್ಯಾಲೆಡೋನಿಯಾದ್ದು, ನಾರ್ಫೋಕ್ ಪೈನ್ ಅಂತ ಹೆಸರು ಹಚ್ಚಿ ಮಾರುವ ಗಿಡಗಳಲ್ಲಿ ಎಷ್ಟೋ ಇದೇ ಇರುತ್ತದೆ. ಅದರದ್ದೊಂದು ಸೋಜಿಗ ಹೇಳಿ ಮುಂದೆ ಹೋಗುತ್ತೇನೆ. ಆ ಮರವನ್ನು ಭೂಮಿಯ ಉತ್ತರ ಭಾಗದಲ್ಲಿ ನೆಟ್ಟರೆ ಸಾಮಾನ್ಯವಾಗಿ ದಕ್ಷಿಣಕ್ಕೆ ವಾಲುತ್ತದೆ, ದಕ್ಷಿಣ ಭಾಗದಲ್ಲಿ ನೆಟ್ಟರೆ ಉತ್ತರಕ್ಕೆ. ಎಲ್ಲಿದ್ದರೂ ಸಮಭಾಜಕ ವೃತ್ತದ ಕಡೆಗೇ. 2017ರಲ್ಲಿ ಇದನ್ನು ಅಳತೆ ಮಾಡಿ ಪ್ರಕಟಿಸಿದರು.

ಬೀಜ ಕೀಳುವ ಮಾತಿಗೆ ಬರೋಣ. ನೆಲದ ಮೇಲೆ ಬಿದ್ದಿರುವ, ಪದರ ಅರಳಿದ ಪೈನ್ ಕೋನ್ ಚಂದ ಕಾಣುತ್ತದೆ, ಎಲ್ಲರೂ ಅದನ್ನೇ ಎತ್ತಿಕೊಳ್ಳುತ್ತಾರೆ. ಆದರೆ ಅದರಲ್ಲಿ ಬೀಜ ಇರುವುದಿಲ್ಲ, ಯಾವಾಗಲೋ ಹಾರಿಹೋಗಿರುತ್ತದೆ. ಮರದ ಮೇಲೆ ಇನ್ನೂ ಮುಚ್ಚಿಕೊಂಡಿರುವ, ಹಸಿರು ಹೋಗಿ ಕಂದು ಹತ್ತುತ್ತಿರುವ ಕೋನ್ ಬೇಕು. ಅದನ್ನು ಕಾಗದದ ಚೀಲದಲ್ಲಿ ಹಾಕಿ ಬೆಚ್ಚಗಿನ ಕಡೆ ಇಟ್ಟರೆ ಕೆಲವು ದಿನದಲ್ಲಿ ಟಕ್ ಟಕ್ ಅಂತ ಸಣ್ಣ ಸದ್ದು ಮಾಡುತ್ತಾ ತೆರೆಯುತ್ತದೆ. ಪೈನಿನಲ್ಲಿ ಹೀಚು ಕೋನ್ ಕಂಡ ವರ್ಷವೇ ಬೀಜ ಸಿಗುವುದಿಲ್ಲ, ಬಲಿಯಲು ಎರಡು ಬೆಳವಣಿಗೆಯ ಕಾಲ ಬೇಕು. ಫರ್ ಮತ್ತು ದೇವದಾರುಗಳ ಕೋನ್ ಕೊಂಬೆಯ ಮೇಲೆ ಮೇಣದ ಬತ್ತಿಯ ಹಾಗೆ ನೆಟ್ಟಗೆ ನಿಂತಿರುತ್ತದೆ, ಬಲಿತ ಮೇಲೆ ಅಲ್ಲೇ ಪುಡಿಯಾಗಿ ಉದುರಿಹೋಗುತ್ತದೆ. ಅದನ್ನು ಉದುರುವ ಮುಂಚೆಯೇ ಕೊಯ್ಯಬೇಕು.

ಸಿಕ್ಕಿದ ಬೀಜದಲ್ಲಿ ಜೊಳ್ಳು ಎಷ್ಟು ಅಂತ ನೋಡದೆ ಬಿತ್ತಬೇಡಿ. ಪೈನ್ ಬೀಜವಾದರೆ ನೀರಿಗೆ ಹಾಕಿ, ಮುಳುಗಿದ್ದು ಗಟ್ಟಿ, ತೇಲಿದ್ದು ಸಾಮಾನ್ಯವಾಗಿ ಜೊಳ್ಳು. ಫರ್ ಬೀಜಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ, ಅದರ ಸಿಪ್ಪೆಯಲ್ಲಿ ರಾಳದ ಗುಳ್ಳೆಗಳಿವೆ, ಒಳ್ಳೆಯ ಬೀಜವೂ ತೇಲಬಹುದು. ಆ ಗುಳ್ಳೆ ಒಡೆದರೆ ಬೀಜಕ್ಕೇ ಹಾನಿ, ಹಾಗಾಗಿ ಫರ್ ಬೀಜದ ರೆಕ್ಕೆಯನ್ನು ಉಜ್ಜಿ ತೆಗೆಯಬೇಡಿ. ನನಗೆ ನಂಬಿಕೆ ಇರುವುದು ಬ್ಲೇಡಿನ ಮೇಲೆ. ಹತ್ತು ಬೀಜ ಎತ್ತಿಕೊಂಡು ಅರ್ಧಕ್ಕೆ ಕತ್ತರಿಸಿ ನೋಡಿ. ಒಳಗೆ ತುಂಬಿಕೊಂಡು ಬಿಳಿಯಾಗಿ ಗಟ್ಟಿಯಾಗಿ ಇದ್ದರೆ ಬೀಜ ಚೆನ್ನಾಗಿದೆ. ಟೊಳ್ಳಾಗಿದ್ದರೆ, ಹಳದಿಗಟ್ಟಿ ಮುದುರಿದ್ದರೆ ಇಲ್ಲ. ಹತ್ತು ಬೀಜ ಹೋಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ ನಿಜ, ಆದರೆ ಜೊಳ್ಳು ಬೀಜಕ್ಕೆ ಆರು ತಿಂಗಳು ನೀರು ಹಾಕುವುದಕ್ಕಿಂತ ಎಷ್ಟೋ ವಾಸಿ. ಇನ್ನೊಂದು, ಸುತ್ತ ಅದೇ ಜಾತಿಯ ಬೇರೆ ಮರ ಇಲ್ಲದ ಒಂಟಿ ಮರದ ಬೀಜದಲ್ಲಿ ಜೊಳ್ಳು ಜಾಸ್ತಿ. ಪರಾಗ ಬರುವುದು ಗಾಳಿಯಲ್ಲಿ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ತನ್ನದೇ ಪರಾಗ ತನಗೆ ಬೀಳುತ್ತದೆ, ಅಂಥ ಬೀಜ ಬಹಳಷ್ಟು ಸಲ ತುಂಬಿಕೊಳ್ಳುವುದಿಲ್ಲ. ನಾಲ್ಕಾರು ಮರ ಒಟ್ಟಿಗಿರುವ ಕಡೆ ಕೀಳಿ.

ಈಗ ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ. ಬೆಳ್ಳಿ ನೀಲಿಯ ಸ್ಪ್ರೂಸ್ ಮರದಿಂದ ಬೀಜ ತಂದೆ, ಸಸಿ ಹಸಿರಾಗಿ ಬಂತು, ಮೋಸ ಆಯಿತಾ? ಇಲ್ಲ. ಬೀಜದಿಂದ ಬರುವುದು ಮಗು, ತಾಯಿಯ ಪಡಿಯಚ್ಚಲ್ಲ. ಕೊಲೊರಾಡೊ ಸ್ಪ್ರೂಸಿನ ಬೀಜ ನೂರು ಬಿತ್ತಿದರೆ ಹಸಿರು, ಬೂದು ಹಸಿರು, ನಸು ನೀಲಿ ಎಲ್ಲ ಬರುತ್ತವೆ, ನಿಜವಾಗಿ ನೀಲಿ ಅನ್ನಿಸುವಂಥವು ಕೆಲವು ಮಾತ್ರ. ನರ್ಸರಿಯಲ್ಲಿ ಹೆಸರಿಟ್ಟು ಮಾರುವ ತಳಿಗಳನ್ನು ಕಸಿ ಕಟ್ಟಿಯೋ ಕಟಿಂಗ್ ಹಾಕಿಯೋ ಮಾಡಿರುತ್ತಾರೆ. ನಿಮಗೆ ಅದೇ ಮರ ಬೇಕು ಅಂದರೆ ಬೀಜದ ಹತ್ತಿರ ಬರಬೇಡಿ. ಲೇಲ್ಯಾಂಡ್ ಸೈಪ್ರೆಸ್ ಬೇಲಿಗೆ ಬಹಳ ಬಳಸುತ್ತಾರೆ ಅಲ್ವಾ, ಅದು 1888ರಲ್ಲಿ ವೇಲ್ಸಿನ ಲೇಟನ್ ಹಾಲ್ ತೋಟದಲ್ಲಿ ಮಾಂಟೆರಿ ಸೈಪ್ರೆಸ್ ಮತ್ತು ನೂಟ್ಕಾ ಸೈಪ್ರೆಸ್ ಕೂಡಿ ಹುಟ್ಟಿದ್ದು. ಅವುಗಳ ಊರುಗಳ ನಡುವೆ ನೂರಾರು ಮೈಲಿ, ಕಾಡಿನಲ್ಲಿ ಎಂದೂ ಸೇರುತ್ತಿರಲಿಲ್ಲ, ಒಂದೇ ತೋಟದಲ್ಲಿ ನೆಟ್ಟಿದ್ದರಿಂದ ಸೇರಿದವು. ಅದರ ಬೀಜವನ್ನು ನೆಚ್ಚಿಕೊಳ್ಳುವ ಹಾಗಿಲ್ಲ, ಕಟಿಂಗೇ ಗತಿ.

ಆದರೆ ಹೊಸದು ಬೇಕು ಅನ್ನುವವರಿಗೆ ಬೀಜದ ಮಡಿಗಿಂತ ಒಳ್ಳೆಯ ಜಾಗ ಇಲ್ಲ. ಲಾಸನ್ ಸೈಪ್ರೆಸ್ಸನ್ನೇ ನೋಡಿ. ಅಮೆರಿಕದ ಪಶ್ಚಿಮ ಕರಾವಳಿಯ ಸಣ್ಣದೊಂದು ಪ್ರದೇಶದ ಮರ. 1854ರಲ್ಲಿ ಅದರ ಬೀಜ ಎಡಿನ್‌ಬರೋದ ಲಾಸನ್ ನರ್ಸರಿಗೆ ಬಂತು, ಹೆಸರೂ ಹಾಗೇ ಬಂತು. ಆಮೇಲೆ ಯುರೋಪಿನ ನರ್ಸರಿಗಳಲ್ಲಿ ಸಾವಿರ ಸಾವಿರ ಸಸಿ ಎಬ್ಬಿಸಿದಾಗ, ಸಾಲಿನ ನಡುವೆ ಒಂದು ಬಂಗಾರದ ಬಣ್ಣದ್ದು, ಒಂದು ಗಿಡ್ಡದ್ದು, ಒಂದು ಕಂಬದ ಹಾಗೆ ನೆಟ್ಟಗಿನದು, ಒಂದು ಜೋತು ಬಿದ್ದದ್ದು, ಹೀಗೆ ಕಂಡವನ್ನೆಲ್ಲ ಆರಿಸಿಟ್ಟುಕೊಂಡರು. ಇವತ್ತು ಅದಕ್ಕೆ 200ಕ್ಕೂ ಮೇಲೆ ತಳಿಗಳಿವೆ. ತೋಟಗಳಲ್ಲಿ ಕಾಣುವ ಶಂಕುವಿನಂಥ ಪುಟ್ಟ ಸ್ಪ್ರೂಸ್, ಕೋನಿಕಾ ಅನ್ನುವುದು, 1904ರಲ್ಲಿ ಕೆನಡಾದ ಅಲ್ಬರ್ಟಾದಲ್ಲಿ ಅಮೆರಿಕದ ಅರ್ನಾಲ್ಡ್ ಅರ್ಬೊರೇಟಂ ಸಸ್ಯತೋಟದ ಇಬ್ಬರಿಗೆ ಕಾಡಿನಲ್ಲೇ ಸಿಕ್ಕಿದ್ದು. ಯಾರೋ ಬಗ್ಗಿ ನೋಡಿದ್ದರಿಂದ ಅದು ಉಳಿಯಿತು.

ಗಿಡ್ಡ ತಳಿ ಹುಡುಕಲು ಒಂದು ಒಳದಾರಿಯೂ ಇದೆ. ಕೆಲವು ಪೈನ್ ಮರಗಳಲ್ಲಿ ಒಂದು ಕೊಂಬೆ ಮಾತ್ರ ಹಕ್ಕಿಗೂಡಿನ ಹಾಗೆ ಒತ್ತೊತ್ತಾಗಿ ಪೊದೆ ಕಟ್ಟಿಕೊಂಡಿರುತ್ತದೆ, ಇಂಗ್ಲಿಷಿನಲ್ಲಿ ಮಾಟಗಾತಿಯ ಪೊರಕೆ ಅಂತ ಕರೆಯುತ್ತಾರೆ. ರೋಗದಿಂದಲೂ ಹಾಗೆ ಆಗುತ್ತದೆ, ಆದರೆ ಮೊಗ್ಗಿನಲ್ಲೇ ಆದ ಬದಲಾವಣೆಯಿಂದ ಆಗಿದ್ದರೆ ಆ ಪೊದೆಯಲ್ಲಿ ಬಿಟ್ಟ ಕೋನಿನ ಬೀಜ ಬಿತ್ತಿದಾಗ ಸುಮಾರು ಅರ್ಧ ಸಸಿ ಸಾಮಾನ್ಯ, ಅರ್ಧ ಗಿಡ್ಡ ಬರುತ್ತವೆ. ಆ ಗಿಡ್ಡ ಸಸಿಗಳಲ್ಲಿ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಅಂಥ ಟ್ರೇ ಮುಂದೆ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಅದಕ್ಕೇ ಹೇಳುತ್ತೇನೆ, ಮೊದಲ ವರ್ಷ ಯಾವ ಸಸಿಯನ್ನೂ ಕಿತ್ತೆಸೆಯಬೇಡಿ. ಎಲ್ಲಕ್ಕಿಂತ ನಿಧಾನವಾಗಿ ಬೆಳೆಯುವ, ಸೊರಗಿದ ಹಾಗೆ ಕಾಣುವ ಸಸಿಯೇ ಆ ಟ್ರೇಯ ಚಿನ್ನ ಇರಬಹುದು.

ಬಿತ್ತನೆ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಅರ್ಧ ಪೀಟ್ ಅಥವಾ ಕೊಕೊಪೀಟ್, ಅರ್ಧ ದಪ್ಪ ಮರಳು ಅಥವಾ ಪರ್ಲೈಟ್ ಅನ್ನುವ ಹಗುರ ಬಿಳಿ ಹರಳು. ಗೊಬ್ಬರ ಬೇಡ. ಬೀಜ ಎಷ್ಟು ದಪ್ಪ ಇದೆಯೋ ಅಷ್ಟೇ ದಪ್ಪಕ್ಕೆ ಮುಚ್ಚಿ, ಮೇಲೆ ದಪ್ಪ ಮರಳನ್ನು ತೆಳುವಾಗಿ ಒಂದು ಪದರ ಹರಡಿ. ಸಿಕ್ವೋಯಾ, ಸೈಪ್ರೆಸ್ಸಿನಂಥ ಸಣ್ಣ ಬೀಜಕ್ಕೆ ಆ ಮರಳೇ ಸಾಕು. 20 ಡಿಗ್ರಿಯ ಆಸುಪಾಸು ಬೆಚ್ಚಗಿದ್ದರೆ ಚೆನ್ನ.

ಆ ಮರಳಿನ ಪದರ ಅಂದಕ್ಕಲ್ಲ. ಕೋನಿಫರ್ ಸಸಿಗಳ ದೊಡ್ಡ ಶತ್ರು ಸಸಿ ಕೊಳೆ ರೋಗ. ಬೆಳಿಗ್ಗೆ ನೆಟ್ಟಗಿದ್ದ ಸಸಿ ಸಂಜೆಗೆ ಬುಡದಲ್ಲಿ ದಾರದಷ್ಟು ತೆಳುವಾಗಿ, ಕಂದಾಗಿ, ಮಲಗಿಬಿಟ್ಟಿರುತ್ತದೆ. ಮಾರನೇ ದಿನ ಪಕ್ಕದ ನಾಲ್ಕು. ಪಿಥಿಯಮ್, ರೈಜೋಕ್ಟೋನಿಯಾ, ಫ್ಯುಸೇರಿಯಮ್ ಇಂಥ ಬೂಷ್ಟಿನಂಥ ಜೀವಿಗಳ ಕೆಲಸ ಇದು, ಒಮ್ಮೆ ಬಿದ್ದ ಸಸಿಯನ್ನು ಉಳಿಸಲು ಆಗುವುದಿಲ್ಲ. ಬರದ ಹಾಗೆ ನೋಡಿಕೊಳ್ಳಬೇಕು ಅಷ್ಟೇ. ಬಳಸಿದ ಹಳೇ ಮಣ್ಣು ಬೇಡ. ಟ್ರೇ ತೊಳೆದಿರಲಿ. ನೀರನ್ನು ತಳದಿಂದ ಕುಡಿಸಿ, ಮೇಲ್ಮೈ ಒಣಗಿರಲಿ. ಗಾಳಿ ಆಡಲಿ, ಪ್ಲಾಸ್ಟಿಕ್ ಮುಚ್ಚಳ ಹಾಕಿದ್ದರೆ ಮೊಳಕೆ ಕಂಡ ದಿನವೇ ತೆಗೆಯಿರಿ. ಒತ್ತೊತ್ತಾಗಿ ಬಿತ್ತಬೇಡಿ. ನಾನು ಕಳೆದುಕೊಂಡ ಸಸಿಗಳಲ್ಲಿ ಬಾಯಾರಿ ಸತ್ತವು ಕಡಿಮೆ, ನೀರು ಜಾಸ್ತಿಯಾಗಿ ಸತ್ತವೇ ಹೆಚ್ಚು. ಪ್ರೀತಿ ಜಾಸ್ತಿಯಾದಾಗ ಕೈ ಸುಮ್ನೆ ಇರುವುದಿಲ್ಲ, ಕಷ್ಟ ಅಲ್ಲೇ ಇರುವುದು.

ಕೈ ಸುಮ್ನೆ ಇರದ ಇನ್ನೊಂದು ಕಡೆ ಅಂದರೆ ಆ ಟೋಪಿ. ಮೊಳಕೆ ಮೇಲೆದ್ದಾಗ ಬೀಜದೆಲೆಗಳ ತುದಿ ಸಿಪ್ಪೆಯೊಳಗೇ ಸಿಕ್ಕಿಕೊಂಡಿರುತ್ತದೆ. ಪಾಪ, ಕಷ್ಟಪಡುತ್ತಿದೆ ಅಂತ ತೆಗೆಯಲು ಹೋಗುತ್ತೇವೆ. ತೆಗೆಯಬೇಡಿ. ಸಿಪ್ಪೆಯೊಳಗಿನ ಆಹಾರವನ್ನು ಸಸಿ ಇನ್ನೂ ಹೀರುತ್ತಿರುತ್ತದೆ, ಎಳೆದರೆ ಎಲೆಗಳ ಜೊತೆ ಚಿಗುರಿನ ತುದಿಯೇ ಕಿತ್ತು ಬರುತ್ತದೆ. ನಾನು ಹೀಗೆ ಕೊಂದ ಸಸಿಗಳ ನೆನಪು ಇನ್ನೂ ಇದೆ. ಗಾಳಿ ತೀರಾ ಒಣಗಿದ್ದರೆ ಸಿಪ್ಪೆಯ ಮೇಲೆ ಒಂದು ಹನಿ ನೀರು ಬಿಡಿ, ಅಷ್ಟು ಸಾಕು.

ಟೋಪಿ ಬಿದ್ದ ಮೇಲೆ ಎಣಿಸಿ ನೋಡಿ. ಅವರೆಗೆ ಎರಡು ಬೀಜದೆಲೆ, ಜೋಳಕ್ಕೆ ಒಂದು ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಪೈನಿಗೆ ಐದು, ಎಂಟು, ಹತ್ತಕ್ಕೂ ಹೆಚ್ಚು ಇರಬಹುದು, ಪುಟ್ಟ ಕೊಡೆಯ ಕಡ್ಡಿಗಳ ಹಾಗೆ ಸುತ್ತ ಹರಡಿಕೊಳ್ಳುತ್ತವೆ. ಇನ್ನೊಂದು ವಿಶೇಷ. ಕಾಳನ್ನು ಕತ್ತಲಲ್ಲಿ ಮೊಳೆಸಿದರೆ ಬಿಳಿಚಿಕೊಂಡು ಹಳದಿಯಾಗಿ ಏಳುತ್ತದೆ ಅಲ್ವಾ? ಪೈನ್, ಸ್ಪ್ರೂಸ್ ಮೊಳಕೆ ಕತ್ತಲಲ್ಲೂ ಹಸಿರಾಗಿಯೇ ಏಳುತ್ತದೆ. ಬೆಳಕಿಲ್ಲದೆ ಹರಿತ್ತು ಮಾಡಿಕೊಳ್ಳುವ ವಿದ್ಯೆ ಅವುಗಳಿಗೆ ಗೊತ್ತಿದೆ, ಹೂ ಬಿಡುವ ಗಿಡಗಳು ಅದನ್ನು ಕಳೆದುಕೊಂಡಿವೆ.

ಸಸಿಯ ಎಲೆ ನೋಡಿ ಗಾಬರಿಯಾಗಬೇಡಿ. ಪೈನ್ ಸಸಿಯ ಮೊದಲ ಎಲೆಗಳು ಒಂಟೊಂಟಿ, ಗೊಂಚಲು ಸೂಜಿ ಆಮೇಲೆ ಬರುತ್ತದೆ. ಸೈಪ್ರೆಸ್, ಜೂನಿಪರ್ ಸಸಿಗಳಲ್ಲಿ ಮೊದಲು ಮುಳ್ಳಿನಂಥ ಎಲೆ, ದೊಡ್ಡದಾದ ಮೇಲೆ ಹುರುಪೆಯಂಥ ಎಲೆ. 19ನೇ ಶತಮಾನದಲ್ಲಿ ಸಸ್ಯಶಾಸ್ತ್ರಜ್ಞರೇ ಇದರಲ್ಲಿ ಎಡವಿದ್ದರು. ಎಲೆಯ ಎಳೆತನ ಬಿಡದೇ ಬೆಳೆದ ಸೈಪ್ರೆಸ್ ತೋಟದ ಗಿಡಗಳನ್ನು ಬೇರೆಯೇ ಮರ ಅಂದುಕೊಂಡು ರೆಟಿನೋಸ್ಪೋರಾ ಅನ್ನುವ ಬೇರೆ ಕುಲಕ್ಕೆ ಸೇರಿಸಿದ್ದರು, ಆಮೇಲೆ ಆ ಕುಲವನ್ನೇ ಕೈಬಿಟ್ಟರು. ಲಾರ್ಚ್ ಮತ್ತು ಡಾನ್ ರೆಡ್‌ವುಡ್ ಚಳಿಗಾಲಕ್ಕೆ ಎಲೆ ಪೂರ್ತಿ ಉದುರಿಸುತ್ತವೆ. ಗಿಡ ಸತ್ತಿತು ಅಂತ ಎಸೆದವರನ್ನು ನೋಡಿದ್ದೇನೆ. ಉಗುರಲ್ಲಿ ತೊಗಟೆ ಕೆರೆದು ನೋಡಿ, ಹಸಿರಿದ್ದರೆ ಜೀವ ಇದೆ.

ಪೈನ್ ಸಸಿ ಎಲ್ಲ ಸರಿಯಾಗಿ ಎದ್ದು, ಕೆಲವು ತಿಂಗಳಾದ ಮೇಲೆ ಹಳದಿಯಾಗಿ ನಿಂತುಬಿಡುತ್ತದೆ, ಗೊಬ್ಬರ ಹಾಕಿದರೂ ಏಳುವುದಿಲ್ಲ ಅಂತ ಒಬ್ಬರು ಹೇಳಿದರು. ಕಾರಣ ಬೇರೆಯೂ ಇರಬಹುದು, ಆದರೆ ನಾನು ಮೊದಲು ಕೇಳುವುದು ಬೇರಿನಲ್ಲಿ ಅದರ ಜೊತೆಗಾರ ಇದೆಯಾ ಅಂತ. ಪೈನ್ ಬೇರಿಗೆ ಒಂದು ಬಗೆಯ ಅಣಬೆಯ ಜೊತೆ ಬೇಕು, ಮೈಕೊರೈಜಾ ಅನ್ನುತ್ತಾರೆ. ಅಣಬೆಯ ಎಳೆ ದೂರದಿಂದ ರಂಜಕ, ನೀರು ತಂದು ಕೊಡುತ್ತದೆ, ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ಪೋರ್ಟೊರಿಕೊ ದ್ವೀಪದಲ್ಲಿ ಪೈನ್ ಬೆಳೆಸಲು ಬಹಳ ಸಲ ಪ್ರಯತ್ನ ಮಾಡಿದ್ದರು, ಪ್ರತಿ ಸಲವೂ ಸಸಿ ಹಳದಿಯಾಗಿ ಸಾಯುತ್ತಿತ್ತು. 1950ರ ದಶಕದಲ್ಲಿ ಅಮೆರಿಕದ ಪೈನ್ ಕಾಡಿನ ಮಣ್ಣು ತಂದು ಬುಡಕ್ಕೆ ಹಾಕಿದ ಮೇಲೆ ಚಿಗುರಿದವು. ಮರ ಬಂದಿತ್ತು, ಮರದ ಊರಿನ ಮಣ್ಣು ಬಂದಿರಲಿಲ್ಲ, ಅಷ್ಟೇ ವ್ಯತ್ಯಾಸ. ನೀವೂ ಆರೋಗ್ಯವಾದ ದೊಡ್ಡ ಪೈನ್ ಮರದ ಬುಡದಿಂದ ಒಂದು ಹಿಡಿ ಮಣ್ಣು ತಂದು, ಸಸಿ ಗಟ್ಟಿಯಾದ ಮೇಲೆ, ಕುಂಡದಲ್ಲಿ ಸೇರಿಸಿ. ಸ್ಪ್ರೂಸ್, ಫರ್, ದೇವದಾರುಗಳಿಗೂ ಇದು ಒಳ್ಳೆಯದು. ಸೈಪ್ರೆಸ್, ಅರೌಕೇರಿಯಾಗಳ ಜೊತೆಗಾರ ಬೇರೆ ಬಗೆಯದು, ಅದು ಸಾಮಾನ್ಯವಾಗಿ ಎಲ್ಲ ತೋಟದ ಮಣ್ಣಿನಲ್ಲೂ ಸಿಗುತ್ತದೆ.

ಕುಂಡ ಆಳವಾಗಿರಲಿ. ಮೇಲೆ ಬೆರಳುದ್ದ ಕಾಣುವ ಪೈನ್ ಸಸಿಯ ತಾಯಿಬೇರು ಕೆಳಗೆ ಗೇಣಿನ ಹತ್ತಿರ ಇಳಿದಿರುತ್ತದೆ. ತಳಕ್ಕೆ ಮುಟ್ಟಿದ ಬೇರು ಸುತ್ತಿಕೊಳ್ಳಲು ಶುರುಮಾಡಿದರೆ ಮರ ದೊಡ್ಡದಾದ ಮೇಲೂ ಆ ಸುತ್ತು ಬಿಡುವುದಿಲ್ಲ, ಗಾಳಿಗೆ ಬುಡಸಮೇತ ಬೀಳುತ್ತದೆ. ಹಾಗಾಗಿ ಸುತ್ತುವ ಮುಂಚೆ ಕುಂಡ ಬದಲಾಯಿಸಿ. ಮೊದಲ ವರ್ಷ ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ನೆರಳು ಕೊಡಿ, ಆಮೇಲೆ ಹೆಚ್ಚಿನವಕ್ಕೆ ಪೂರ್ತಿ ಬಿಸಿಲು.

ಒಂದು ಮಾತನ್ನು ನೇರವಾಗಿ ಹೇಳಬೇಕು. ಫ್ರಿಜ್ಜಿನಲ್ಲಿ ಚಳಿಗಾಲ ಕೊಟ್ಟು ಬೀಜ ಎಬ್ಬಿಸಬಹುದು, ಆದರೆ ಮರವನ್ನು ಫ್ರಿಜ್ಜಿನಲ್ಲಿಡಲು ಆಗುವುದಿಲ್ಲ. ವರ್ಷಪೂರ್ತಿ ಸೆಕೆ ಇರುವ ಕಡೆ ಸ್ಪ್ರೂಸ್, ಫರ್ ಸಸಿಗಳು ಒಂದೆರಡು ವರ್ಷ ನಿಂತು ಸೊರಗುತ್ತವೆ, ಅವುಗಳ ಮೊಗ್ಗಿಗೂ ಪ್ರತಿ ವರ್ಷ ಚಳಿ ಬೇಕು. ಅಂಥ ಕಡೆ ಅರೌಕೇರಿಯಾ, ಪ್ಲಾಟಿಕ್ಲಾಡಸ್, ಮೆಕ್ಸಿಕೊದ ಸೈಪ್ರೆಸ್, ಕೆರಿಬಿಯನ್ ಪೈನ್ ಇವನ್ನು ಆರಿಸಿಕೊಳ್ಳಿ. ಹಾಗೆಯೇ ಉಲ್ಟಾ ಅಪಾಯವೂ ಇದೆ. ನ್ಯೂಜಿಲೆಂಡಿನಲ್ಲಿ ಹೊರಗಿನಿಂದ ತಂದ ಲಾಡ್ಜ್‌ಪೋಲ್ ಪೈನ್ ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ ಬೀಜ ಗಾಳಿಯಲ್ಲಿ ಹಾರಿ ಗುಡ್ಡಗಳನ್ನೇ ಆವರಿಸಿತು, ಈಗ ಕಿತ್ತು ಕಿತ್ತು ಸಾಕಾಗಿದೆ. ಹೊಸ ಜಾತಿ ತರುವಾಗ ಅದು ನಿಮ್ಮಲ್ಲಿ ಬೇಲಿ ದಾಟಿ ಹೋಗುತ್ತದಾ ಅಂತ ವಿಚಾರಿಸಿ. ಬೇರೆ ದೇಶದಿಂದ ಬೀಜ ತರಿಸಲು ನಿಯಮಗಳಿವೆ, ಅವನ್ನು ತಪ್ಪಿಸಬೇಡಿ, ಬೀಜದ ಜೊತೆ ರೋಗವೂ ಬರುತ್ತದೆ.

ನನಗೆ ಬಲು ಇಷ್ಟವಾದ ಬೀಜದ ಕತೆ ಡಾನ್ ರೆಡ್‌ವುಡ್ಡಿನದು. 1941ರಲ್ಲಿ ಜಪಾನಿನ ಶಿಗೆರು ಮಿಕಿ ಅದಕ್ಕೆ ಮೆಟಾಸಿಕ್ವೋಯಾ ಅಂತ ಹೆಸರಿಟ್ಟಾಗ ಅವರ ಮುಂದೆ ಇದ್ದದ್ದು ಬರೀ ಪಳೆಯುಳಿಕೆ. ಅದೇ ದಶಕದಲ್ಲಿ ಚೀನಾದ ಒಳನಾಡಿನ ಕಣಿವೆಯಲ್ಲಿ ಜೀವಂತ ಮರ ಸಿಕ್ಕಿತು. 1947ರಲ್ಲಿ ಅರ್ನಾಲ್ಡ್ ಅರ್ಬೊರೇಟಂ ಹಣ ಕಳಿಸಿ ಬೀಜ ಸಂಗ್ರಹ ಮಾಡಿಸಿತು, 1948ರಲ್ಲಿ ಬೀಜ ತಲುಪಿತು, ತಲುಪಿದ ಕೂಡಲೇ ಜಗತ್ತಿನ ನಾನಾ ಕಡೆಯ ಸಸ್ಯತೋಟಗಳಿಗೆ ಹಂಚಿಬಿಟ್ಟರು. ಲಕ್ಷಾಂತರ ವರ್ಷ ಒಂದೇ ಮೂಲೆಯಲ್ಲಿ ಉಳಿದಿದ್ದ ಮರ ಲಕೋಟೆಗಳಲ್ಲಿ ಕೂತು ಊರೂರಿಗೆ ಹೋಯಿತು. ಆ ಬೀಜ ಚಳಿ ಕೇಳುವುದಿಲ್ಲ, ಬೇಗ ಮೊಳೆಯುತ್ತದೆ, ಒಳ್ಳೆಯ ಮಣ್ಣು ನೀರು ಸಿಕ್ಕರೆ ಎಳೆ ಮರ ವರ್ಷಕ್ಕೆ ಒಂದು ಮೀಟರಿನ ಹತ್ತಿರ ಏರುತ್ತದೆ.

ಕೊನೆಗೆ ಹಿರಿಯರೊಬ್ಬರು ಎದ್ದು ನಿಂತರು. ಕೈಯಲ್ಲೊಂದು ಮಡಿಸಿದ ಕಾಗದದ ಪೊಟ್ಟಣ. ಮೊಮ್ಮಗಳು ಎಲ್ಲಿಂದಲೋ ತಂದುಕೊಟ್ಟಿದ್ದಂತೆ, ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಊರು ಕೇಳಿ ಅಂತ ಇಷ್ಟೊತ್ತು ಹೇಳಿದಿರಿ, ಇದನ್ನು ಯಾರನ್ನು ಕೇಳಲಿ ಅಂದರು. ವೇದಿಕೆಯ ಮೇಲೆಯೇ ಎರಡು ಬೀಜ ಕತ್ತರಿಸಿದೆವು. ಒಳಗೆ ಬೆಳ್ಳಗೆ, ಗಟ್ಟಿಯಾಗಿತ್ತು. ಅಮ್ಮ, ಬೀಜವನ್ನೇ ಕೇಳಬೇಕು ಅಂದೆ. ಮೂರು ಪಾಲು ಮಾಡಿ, ಒಂದು ಪಾಲನ್ನು ಈಗಲೇ ಬಿತ್ತಿ, ಒಂದಕ್ಕೆ ಆರು ವಾರ ಚಳಿ ಕೊಡಿ, ಇನ್ನೊಂದಕ್ಕೆ ಮೂರು ತಿಂಗಳು. ಯಾವುದು ಏಳುತ್ತದೋ ಅದರಲ್ಲಿ ಉತ್ತರ ಇದೆ.

ಈ ಬರಹ ಮುಗಿಸುವ ಹೊತ್ತಿಗೆ ಅವರ ಫೋನ್ ಬಂತು. ಮೊದಲ ಪಾಲಿನಲ್ಲಿ ಏನೂ ಇಲ್ಲ. ಆರು ವಾರದ ಪಾಲಿನಲ್ಲಿ ನಾಲ್ಕು ಎದ್ದಿವೆ, ತಲೆ ಮೇಲೆ ಟೋಪಿ ಇದೆ, ಬಿಡಿಸಲಾ ಅಂತ ಕೇಳಿದರು.

ಬೇಡಮ್ಮ, ಮುಟ್ಟಬೇಡಿ ಅಂದೆ.